ವೇಗದ ಅಂಕಿಯೊಂದೇ ಸಾಲದು

ಆಟಗಳಿಗೆಂದು ಗಣಕಯಂತ್ರವನ್ನು ಕೊಳ್ಳಹೊರಟ ತರುಣರು ಪ್ರೊಸೆಸರಿನ ಗಿಗಾಹರ್ಟ್ಸ್ ಎಷ್ಟೆಂದು ಮೊದಲು ವಿಚಾರಿಸುವುದುಂಟು. ಆ ಸಂಖ್ಯೆ ಹೆಚ್ಚಿದಷ್ಟೂ ಆಟ ಚುರುಕಾಗುವುದೆಂಬ ಅವರ ನಂಬಿಕೆ ಅರ್ಧಸತ್ಯವೆಂದೇ ನಾವು ಭಾವಿಸುತ್ತೇವೆ.

ಒಂದು ನಿದರ್ಶನವನ್ನು ನೋಡೋಣ. ಎಎಂಡಿ ಸಂಸ್ಥೆಯ ರೈಜೆನ್ 7 5800ಎಕ್ಸ್ 2020ರಲ್ಲಿಯೂ, ಅದೇ ಪೀಳಿಗೆಯ 5800ಎಕ್ಸ್3ಡಿ 2022ರಲ್ಲಿಯೂ ಹೊರಬಂದುವು. ಎರಡರಲ್ಲಿಯೂ ಕೋರ್‌ಗಳು ಎಂಟೇ. ಗರಿಷ್ಠ ವೇಗ ಮೊದಲನೆಯದಕ್ಕೆ 4.7 ಗಿಗಾಹರ್ಟ್ಸ್, ಎರಡನೆಯದಕ್ಕೆ 4.5 ಮಾತ್ರ. ಆದರೂ ಅನೇಕ ಆಟಗಳಲ್ಲಿ ಮುಂದಾದುದು ಎರಡನೆಯದೇ! ಕಾರಣವೇನು? ಅದರ ಮೂರನೆಯ ಹಂತದ ಕ್ಯಾಶ್ ಎಂಬ ಸ್ಮೃತಿಕೋಶವು 32ರ ಬದಲು 96 ಮೆಗಾಬೈಟುಗಳಷ್ಟಿದೆ. ಬೇಕಾದ ದತ್ತಾಂಶವು ಬಳಿಯಲ್ಲೇ ಇರುವುದರಿಂದ ದೂರದ ಮುಖ್ಯ ಸ್ಮೃತಿಕೋಶಕ್ಕಾಗಿ ಕಾಯುವುದು ಕಡಮೆಯಾಗುತ್ತದೆ. ಅಡುಗೆಯವನ ಕೈ ಎಷ್ಟೇ ಚುರುಕಾಗಿರಲಿ, ಸಾಮಾನಿಗಾಗಿ ಪದೇ ಪದೇ ಉಗ್ರಾಣಕ್ಕೆ ಓಡಬೇಕಾದರೆ ಅಡುಗೆ ತಡವಾಗದೆ?

ಇನ್ನೊಂದು ಮಾತು. ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದಕ್ಕೂ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡು. ಪ್ರೊಸೆಸರ್ ತನ್ನ ಪಾಲಿನ ಕೆಲಸವನ್ನು 8 ಮಿಲಿಸೆಕೆಂಡಿನಲ್ಲಿ ಮುಗಿಸಿದರೂ, ಚಿತ್ರವನ್ನು ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೆ 25 ಬೇಕೆನ್ನೋಣ. ಆಗ ಸೆಕೆಂಡಿಗೆ 40ಕ್ಕಿಂತ ಹೆಚ್ಚು ಚಿತ್ರಗಳು ಮೂಡಲಾರವು. 4ಕೆ ಪರದೆಗಳಲ್ಲಿ ಬಹುಮಟ್ಟಿಗೆ ಹೀಗೆಯೇ ಆಗುವುದು. ಅಂಥಲ್ಲಿ ಇನ್ನೂ ದುಬಾರಿಯಾದ ಪ್ರೊಸೆಸರಿಗೆ ಹಣ ತೆತ್ತು ಫಲವಿಲ್ಲ.

ಆದುದರಿಂದ ಆಡಬೇಕೆಂದಿರುವ ಆಟ, ಪರದೆ, ಗ್ರಾಫಿಕ್ಸ್ ಕಾರ್ಡು ಇವುಗಳನ್ನು ಮೊದಲು ಗೊತ್ತುಮಾಡಿಕೊಂಡು, ಆ ಆಟದಲ್ಲಿಯೇ ನಡೆಸಿದ ಪರೀಕ್ಷೆಗಳ ಫಲಿತಾಂಶವನ್ನು ಹೋಲಿಸಿನೋಡಿ ಪ್ರೊಸೆಸರನ್ನು ಆರಿಸುವುದು ವಿವೇಕ. ವಿದ್ಯಾರ್ಥಿಗಳು ವ್ಯಯಮಾಡುವ ಹಣ ಸಾಮಾನ್ಯವಾಗಿ ತಂದೆತಾಯಿಗಳು ದುಡಿದು ತಂದುದು. ಪೆಟ್ಟಿಗೆಯ ಮೇಲಿನ ಅಂಕಿಗೆ ಮರುಳಾಗಿ ಅದನ್ನು ಕಳೆಯಬಾರದೆಂಬುದೇ ನಮ್ಮ ಆಶಯ.