ತಟ್ಟೆಯ ಮುಂದೆ ಗುರುಗುಟ್ಟುವ ನಾಯಿ

ಕಾಫಿ ಮತ್ತು ಅಡಿಕೆ ತೋಟಗಳಲ್ಲಿ, ಹೊಲದ ಮನೆಗಳಲ್ಲಿ ವಾಸಿಸುವ ನಮ್ಮ ಅನೇಕ ಕುಟುಂಬಗಳು ಕಾವಲಿಗೆಂದು ನಾಯಿ ಸಾಕುತ್ತವೆ. ಕಾವಲು, ಬೇಟೆ ಮತ್ತು ಜಾನುವಾರುಗಳ ರಕ್ಷಣೆಗೆ ನಾಯಿ ಇಟ್ಟುಕೊಳ್ಳಲು ಧರ್ಮದಲ್ಲಿ ಅನುಮತಿ ಇದೆ ಎಂಬುದು ನಿಮಗೆ ಗೊತ್ತೇ ಇದೆ. ನಾನು ಬರೆಯಹೊರಟಿರುವುದು ಸಾಕಿದ ನಂತರದ ವಿಷಯ. ದಿನವಿಡೀ ಅಂಗಳದಲ್ಲಿ ಸಾಧುವಾಗಿ ಬಿದ್ದಿರುವ ನಾಯಿ, ಅನ್ನ ಹಾಕಿದ ಕೂಡಲೇ ಬೇರೆಯೇ ಪ್ರಾಣಿಯಾಗುತ್ತದೆ. ಹತ್ತಿರ ಹೋದವರ ಮೇಲೆ ಗುರುಗುಟ್ಟುತ್ತದೆ, ಕೆಲವೊಮ್ಮೆ ಕಚ್ಚಿಯೂ ಬಿಡುತ್ತದೆ. ಉಂಡ ಮನೆಗೆ ಎರಡು ಬಗೆಯಿತು ಎಂದು ಸಿಟ್ಟಾಗಿ ನಾವು ಕೋಲು ಎತ್ತುತ್ತೇವೆ.

ಆ ಕೋಲೇ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ನಾಯಿ ಗುರುಗುಟ್ಟುವುದು ಕೃತಘ್ನತೆಯಿಂದಲ್ಲ, ತನ್ನ ತುತ್ತನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯದಿಂದ. ನಾಲ್ಕೈದು ಮರಿಗಳು ಒಂದೇ ತಟ್ಟೆಗೆ ಮುಗಿಬಿದ್ದು ಬೆಳೆದಿದ್ದರೆ, ಬೀದಿಯಲ್ಲಿ ಹಸಿದು ಬಂದಿದ್ದರೆ, ಮಕ್ಕಳು ಆಟಕ್ಕೆಂದು ತಟ್ಟೆ ಎಳೆದು ಕಾಡಿಸಿದ್ದರೆ ಈ ಭಯ ಬಲಿಯುತ್ತದೆ. ಕಚ್ಚುವ ಮೊದಲು ಅದು ಬಹಳಷ್ಟು ಹೇಳುತ್ತದೆ. ಮೈ ಬಿಗಿಯಾಗುತ್ತದೆ, ತಲೆ ತಟ್ಟೆಯ ಮೇಲೆ ಬಾಗುತ್ತದೆ, ನುಂಗುವ ವೇಗ ಹೆಚ್ಚುತ್ತದೆ, ಕಣ್ಣಂಚಿನ ಬಿಳಿ ಕಾಣುತ್ತದೆ. ಆಮೇಲೆ ತುಟಿ ಮೇಲೆತ್ತಿ ಹಲ್ಲು ತೋರಿಸುತ್ತದೆ. ಗುರುಗುಟ್ಟುವುದು ಈ ಸಾಲಿನ ಕೊನೆಯ ಎಚ್ಚರಿಕೆಗಳಲ್ಲಿ ಒಂದು. ಹೊಡೆದರೆ ನಾಯಿ ಗುರುಗುಟ್ಟುವುದನ್ನು ಬಿಡಬಹುದು, ಆದರೆ ಭಯ ಹಾಗೆಯೇ ಉಳಿಯುತ್ತದೆ. ಮುಂದಿನ ಸಲ ಅದು ಸದ್ದಿಲ್ಲದೆ ಕಚ್ಚುತ್ತದೆ. ಆಗ ಸಾಮಾನ್ಯವಾಗಿ ಸಿಕ್ಕಿಬೀಳುವುದು ಹೊಡೆದ ದೊಡ್ಡವರಲ್ಲ, ಉರುಳಿಹೋದ ಚೆಂಡನ್ನು ಎತ್ತಲು ತಟ್ಟೆಯ ಬಳಿಗೆ ಓಡಿದ ಮಗು.

ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಜೊಲ್ಲಿನ ನಜಸ್‌ನ ಕಾರಣ ನಾಯಿಯ ಪಾತ್ರೆಯನ್ನು ಬೇರೆ ಇಡುತ್ತೇವೆ, ಅದನ್ನು ಮುಟ್ಟಿ ಮುದ್ದಿಸುವುದೂ ಇಲ್ಲ. (ನಾಯಿ ಬಾಯಿ ಹಾಕಿದ ಪಾತ್ರೆಯನ್ನು ತೊಳೆಯುವ ಕ್ರಮ ನಿಮ್ಮ ಮದ್‌ಹಬ್‌ನಲ್ಲಿ ಹೇಗಿದೆ ಎಂಬುದನ್ನು ಉಸ್ತಾದರಲ್ಲಿ ಕೇಳಿಕೊಳ್ಳಿ, ಅದು ನನ್ನ ಕ್ಷೇತ್ರವಲ್ಲ.) ಬೇರೆ ಪಾತ್ರೆ, ಬೇರೆ ಮೂಲೆ ಎಂಬುದು ಒಳ್ಳೆಯ ಅಭ್ಯಾಸ, ನಾಯಿಗೂ ಅದೇ ಬೇಕು. ಆದರೆ ಮುಟ್ಟದ ಮನೆಯಲ್ಲಿ ಮನುಷ್ಯನ ಕೈ ನಾಯಿಯ ಬಳಿ ಬರುವುದು ಹೆಚ್ಚಾಗಿ ಗದರಲು, ಕಲ್ಲೆಸೆಯಲು ಅಥವಾ ತಟ್ಟೆ ಎತ್ತಲು. ಹಾಗಿರುವಾಗ ಅದು ಕೈಯನ್ನು ನಂಬುವುದಾದರೂ ಹೇಗೆ?

ನಂಬಿಕೆ ಕಲಿಸಲು ನಾಯಿಯನ್ನು ಮುಟ್ಟಬೇಕಾಗಿಲ್ಲ. ಅದು ತಿನ್ನುತ್ತಿರುವಾಗ, ಮೈ ಬಿಗಿಯಾಗದಷ್ಟು ದೂರದಲ್ಲಿ ನಿಂತು, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಒಂದು ತುಂಡನ್ನು ಅದರತ್ತ ಎಸೆದು ಹಿಂದಿರುಗಿ ನಡೆಯಿರಿ. ಮೂಳೆ ತೆಗೆದ ಬೇಯಿಸಿದ ಕೋಳಿಯ ಚೂರು ಸಾಕು. ದಿನವೂ ಹೀಗೆ ಮಾಡಿ. ನಿಮ್ಮನ್ನು ಕಂಡ ಕೂಡಲೇ ಅದು ತಲೆ ಎತ್ತಿ, ಮೈ ಸಡಿಲಿಸಿ, ಬಾಲ ಆಡಿಸುತ್ತಾ ತುಂಡಿಗಾಗಿ ಕಾಯತೊಡಗಿದ ಮೇಲೆ ಮಾತ್ರ ಒಂದು ಹೆಜ್ಜೆ ಹತ್ತಿರ ಹೋಗಿ. ಮತ್ತೆ ಬಿಗಿಯಾದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಇದಕ್ಕೆ ವಾರಗಳೇ ಹಿಡಿಯಬಹುದು, ಅವಸರ ಬೇಡ. ಇದು ದೊಡ್ಡವರ ಕೆಲಸ, ಮಕ್ಕಳ ಕೈಯಲ್ಲಿ ಮಾಡಿಸಬೇಡಿ. ಈಗಾಗಲೇ ಕಚ್ಚಿರುವ ನಾಯಿಯಾಗಿದ್ದರೆ ಪಶುವೈದ್ಯರ ಸಲಹೆಯಿಲ್ಲದೆ ಆರಂಭಿಸಲೇಬೇಡಿ. ಊಟದ ಹೊತ್ತಿಗೆ ಅದನ್ನು ಗೇಟಿನೊಳಗೋ ಗೂಡಿನೊಳಗೋ ಬಿಟ್ಟು, ತಿಂದು ಎದ್ದು ದೂರ ಹೋದ ಮೇಲೆಯೇ ಪಾತ್ರೆ ತೆಗೆಯಿರಿ. ಎಂದೂ ಗುರುಗುಟ್ಟದ ನಾಯಿ ಇದ್ದಕ್ಕಿದ್ದಂತೆ ಹಾಗೆ ಮಾಡತೊಡಗಿದರೆ ಹಲ್ಲುನೋವೋ ಕಿವಿನೋವೋ ಇರಬಹುದು. ಲಸಿಕೆ ಹಾಕಿಸದ ನಾಯಿಯಾದರೆ ರೇಬೀಸ್‌ನ ಶಂಕೆಯೂ ಇರಬೇಕು.

ಬಕ್ರೀದ್ ದಿನಗಳಲ್ಲಂತೂ ವಿಶೇಷ ಎಚ್ಚರ ಬೇಕು. ವರ್ಷವಿಡೀ ಅನ್ನ ಗಂಜಿ ತಿಂದ ನಾಯಿಗೆ ಅಂದು ಒಮ್ಮೆಲೇ ಮೂಳೆ ಮಾಂಸದ ರಾಶಿ ಸಿಗುತ್ತದೆ. ಮನೆ ತುಂಬಾ ನೆಂಟರು, ಅಂಗಳದ ತುಂಬಾ ಮಕ್ಕಳು. ಎಂದೂ ಗುರುಗುಟ್ಟದ ನಾಯಿಯೂ ಅಂದು ಮೂಳೆಗಾಗಿ ಕಚ್ಚಬಹುದು. ಅದು ಹಿಡಿದ ಮೂಳೆಯನ್ನು ಕಿತ್ತುಕೊಳ್ಳಲು ಹೋಗಬೇಡಿ, ನಿಮ್ಮ ಮಕ್ಕಳ ಜೊತೆಗೆ ಬಂದ ಮಕ್ಕಳಿಗೂ ಇದನ್ನು ಹೇಳಿ. ಹಸಿ ಯಕೃತ್ತು, ಶ್ವಾಸಕೋಶಗಳನ್ನು ನಾಯಿಗೆ ಎಸೆಯಲೇಬೇಡಿ. ಅವುಗಳಲ್ಲಿ ನೀರುಗುಳ್ಳೆಗಳಿದ್ದರೆ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ನಾಯಿಯ ಮಲದಿಂದ ನಮ್ಮ ಕೈಗೆ, ಸೊಪ್ಪು ತರಕಾರಿಗೆ ತಗಲಿ ಹೊಟ್ಟೆ ಸೇರಿದರೆ ನಮ್ಮ ಯಕೃತ್ತಿನಲ್ಲೂ ಅದೇ ಗುಳ್ಳೆಗಳು ಏಳುತ್ತವೆ. ತ್ಯಾಜ್ಯವನ್ನು ನಾಯಿ ಕೆದಕಲಾರದಷ್ಟು ಆಳದಲ್ಲಿ ಹೂಳಿರಿ. ಮಿಕ್ಕ ಬಿರಿಯಾನಿಯೂ ಬೇಡ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ. ಬೇಯಿಸಿದ ಮೂಳೆಯ ಸೀಳು ಗಂಟಲು, ಕರುಳನ್ನು ಚುಚ್ಚುತ್ತದೆ.

ಇಷ್ಟಾದರೂ ಕಚ್ಚಿದರೆ? ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಮೆತ್ತಿಕೊಂಡ ಗಾಯಗಳು ಇಂದಿಗೂ ನನ್ನ ದವಾಖಾನೆಗೆ ಬರುತ್ತವೆ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ನಾಯಿ ಕಚ್ಚಿದರೆ ನನ್ನ ಬಳಿ ಬರಬೇಡಿ. ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ನಲ್ಲಿ ಹುಚ್ಚುನಾಯಿಯ ಕಡಿತದ ಬಗ್ಗೆ ಬರೆದಿದ್ದಾರೆ. ಆದರೆ ಅವರ ಕಾಲದಲ್ಲಿ ಲಸಿಕೆ ಇರಲಿಲ್ಲ. ಲೂಯಿ ಪಾಶ್ಚರ್ ಅದನ್ನು ಮೊದಲ ಬಾರಿಗೆ ಒಬ್ಬ ಬಾಲಕನಿಗೆ ಕೊಟ್ಟದ್ದು 1885ರಲ್ಲಿ. ರೇಬೀಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಯಾವ ವೈದ್ಯ ಪದ್ಧತಿಯಲ್ಲೂ ಅದಕ್ಕೆ ಮದ್ದಿಲ್ಲ.

ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರವಾಗಿ ಸರಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ, ಬಳಿಕ 3, 7 ಮತ್ತು 28ನೆಯ ದಿನ ಹಾಕುತ್ತಾರೆ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು, ಅದನ್ನು ಕೇಳಿ ಹಾಕಿಸಿಕೊಳ್ಳಿ. ಸಾಕುನಾಯಿ ತಾನೇ ಎಂದು ಉಪೇಕ್ಷೆ ಬೇಡ. ಅದಕ್ಕೆ 3 ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ನಂತರ ಪಶುವೈದ್ಯರು ಹೇಳಿದಂತೆ ಪ್ರತಿ ವರ್ಷ ಹಾಕಿಸುತ್ತಿರಿ. ಕಚ್ಚಿದ ನಾಯಿಯನ್ನು ಓಡಿಸದೆ, ಕೊಲ್ಲದೆ, 10 ದಿನ ಕಟ್ಟಿಹಾಕಿ ಗಮನಿಸಿ. ಆದರೆ ಆ 10 ದಿನ ಕಳೆಯಲಿ ಎಂದು ಮಗುವಿನ ಲಸಿಕೆಯನ್ನು ಮಾತ್ರ ಮುಂದೂಡಬೇಡಿ.