1934ರಲ್ಲೇ ಹಿಟ್ಲರ್ ಆಸ್ಟ್ರಿಯಾಕ್ಕೆ ನುಗ್ಗಿದ್ದರೆ

ಆಸ್ಟ್ರಿಯಾವನ್ನು ಜರ್ಮನಿ ನುಂಗಿದ್ದು 1938ರ ಮಾರ್ಚ್‌ನಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲು, 1934ರ ಜುಲೈನಲ್ಲೇ, ಅದು ಆಗಿಬಿಡುವ ಹಂತಕ್ಕೆ ಬಂದಿತ್ತು. ಕಾಲೇಜಿನಲ್ಲಿ ಬಹುಕಾಲ ಇತಿಹಾಸ ಪಾಠ ಹೇಳಿದವನಾಗಿ ನನಗೆ ಅನ್ನಿಸುವುದು, ಹಿಟ್ಲರನ ಕಾಲವನ್ನು ಅರ್ಥ ಮಾಡಿಕೊಳ್ಳಲು ಆ ಒಂದು ವಾರದಷ್ಟು ನೆರವಾಗುವುದು ಬೇರೆ ಇಲ್ಲ. ಆಗದೇ ಹೋದದ್ದನ್ನು ಯೋಚಿಸುತ್ತ ಕೂರುವುದು ಇತಿಹಾಸಕಾರನ ಕೆಲಸವಲ್ಲ ಎನ್ನುವ ಹಿರಿಯರಿದ್ದಾರೆ. ಈ ಪ್ರಸಂಗದಲ್ಲಿ ನಾನು ಅವರ ಮಾತನ್ನು ಒಪ್ಪಲಾರೆ.

ಜುಲೈ 25ರ ಮಧ್ಯಾಹ್ನ, ಆಸ್ಟ್ರಿಯಾದ ಸೇನೆ ಮತ್ತು ಪೊಲೀಸರ ಸಮವಸ್ತ್ರ ತೊಟ್ಟ ಸುಮಾರು 150 ನಾಜಿಗಳು ಲಾರಿಗಳಲ್ಲಿ ಬಂದು ವಿಯೆನ್ನಾದ ಚಾನ್ಸಲರ್ ಕಚೇರಿಗೆ ನುಗ್ಗಿದರು. ಚಾನ್ಸಲರ್ ಎಂಗೆಲ್‌ಬರ್ಟ್ ಡಾಲ್‌ಫಸ್‌ಗೆ ಗುಂಡು ಹೊಡೆದರು. ವೈದ್ಯರನ್ನೂ ಕರೆಸಲಿಲ್ಲ, ಪಾದ್ರಿಯನ್ನೂ ಕರೆಸಲಿಲ್ಲ. ರಕ್ತ ಸೋರಿ ಸಾಯಲು ಬಿಟ್ಟರು. ಇನ್ನೊಂದು ತಂಡ ರೇಡಿಯೊ ನಿಲಯ ಹಿಡಿದು, ಡಾಲ್‌ಫಸ್ ರಾಜೀನಾಮೆ ಕೊಟ್ಟಿದ್ದಾನೆಂದು ಸುಳ್ಳು ಬಿತ್ತರಿಸಿತು. ಆದರೆ ಸೇನೆಯೂ ಪೊಲೀಸರೂ ಸರ್ಕಾರದ ಪರ ನಿಂತರು. ಸಂಜೆಯೊಳಗೆ ರಾಜಧಾನಿಯ ಸಂಚು ಮುರಿದುಬಿತ್ತು. ಸ್ಟಿರಿಯಾ, ಕರಿಂತಿಯಾ ಪ್ರಾಂತ್ಯಗಳ ದಂಗೆಯೂ ಕೆಲವೇ ದಿನಗಳಲ್ಲಿ ಅಡಗಿತು. ಬೈರಾಯ್ಟ್‌ನಲ್ಲಿ ವಾಗ್ನರ್ ಸಂಗೀತೋತ್ಸವದಲ್ಲಿದ್ದ ಹಿಟ್ಲರ್ ತನಗೂ ಇದಕ್ಕೂ ಸಂಬಂಧವಿಲ್ಲವೆಂದು ಕೈತೊಳೆದುಕೊಂಡ.

ಡಾಲ್‌ಫಸ್‌ನ ಹೆಂಡತಿ, ಮಕ್ಕಳು ಆಗ ಇಟಲಿಯ ರಿಚ್ಚೋನೆಯಲ್ಲಿ ಮುಸೊಲಿನಿಯ ಅತಿಥಿಗಳಾಗಿದ್ದರು. ಗಂಡನ ಸಾವಿನ ಸುದ್ದಿಯನ್ನು ಆಕೆಗೆ ಮುಸೊಲಿನಿಯೇ ಹೇಳಬೇಕಾಯಿತು. ಅವನು ಕೂಡಲೇ ಬ್ರೆನ್ನರ್ ಗಡಿಗೆ ಸೈನ್ಯ ಕಳಿಸಿದ.

ಮಗಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಗ ನಾನೂ ನನ್ನ ಹೆಂಡತಿಯೂ ಅಲ್ಲಿಂದ ವೆರೋನಾಕ್ಕೆ ರೈಲಿನಲ್ಲಿ ಹೋಗುತ್ತ ಈ ಬ್ರೆನ್ನರ್ ದಾಟಿದ್ದೆವು. ಆಲ್ಪ್ಸ್ ಸಾಲಿನಲ್ಲಿ ಸುಮಾರು 1,370 ಮೀಟರ್ ಎತ್ತರದ ಕಣಿವೆದಾರಿ ಅದು. ನಿಲ್ದಾಣದ ಹೆಸರನ್ನು ಇಟಾಲಿಯನ್ ಮತ್ತು ಜರ್ಮನ್ ಎರಡರಲ್ಲೂ ಬರೆದಿದ್ದಾರೆ. ಅಲ್ಲಿಂದ ದಕ್ಷಿಣಕ್ಕಿರುವುದು ದಕ್ಷಿಣ ಟಿರೋಲ್: ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿ ಪಡೆದುಕೊಂಡ, ಜರ್ಮನ್ ಮನೆಮಾತಿನ ಸೀಮೆ. ಮುಸೊಲಿನಿ ಅಲ್ಲಿನ ಜರ್ಮನ್ ಶಾಲೆಗಳನ್ನು ಮುಚ್ಚಿಸಿದ್ದ. ಬಡ ಆಸ್ಟ್ರಿಯಾದ ಬದಲು ಬಲಿಷ್ಠ ಜರ್ಮನಿಯೇ ಆ ದಿಣ್ಣೆಯ ಮೇಲೆ ಬಂದು ನಿಂತರೆ, ನಾಳೆ ಈ ಜನರನ್ನೂ ಕೇಳದೆ ಬಿಟ್ಟೀತೇ? ಅವನು ಸೈನ್ಯ ಕಳಿಸಿದ್ದು ಆ ಭಯಕ್ಕೆ. ಸಣ್ಣ ದೇಶವೊಂದರ ಸ್ವಾತಂತ್ರ್ಯ ಆ ವಾರ ಉಳಿದದ್ದು ಇನ್ನೊಬ್ಬ ಸರ್ವಾಧಿಕಾರಿಯ ಲೆಕ್ಕಾಚಾರದಿಂದ.

ಈಗ ನನ್ನ ಊಹೆಗೆ ಬರುತ್ತೇನೆ. ವಿಯೆನ್ನಾದ ಸಂಚು ಗೆದ್ದು, ಅಥವಾ ಸೋತ ಸಿಟ್ಟಿಗೆ, ಹಿಟ್ಲರ್ ಆ ವಾರವೇ ಗಡಿ ದಾಟಲು ಹೊರಟಿದ್ದ ಎಂದುಕೊಳ್ಳೋಣ. ಅವನ ಕೈಯಲ್ಲಿ ಏನಿತ್ತು? ವರ್ಸೈ ಒಪ್ಪಂದ ಜರ್ಮನ್ ಸೇನೆಗೆ ಹಾಕಿದ್ದ ಮಿತಿ 1 ಲಕ್ಷ. ಗುಟ್ಟಾಗಿ ಅದನ್ನು ಹಿಗ್ಗಿಸುವ ಕೆಲಸ ಆಗಷ್ಟೇ ಶುರುವಾಗಿತ್ತು. ಕಡ್ಡಾಯ ಸೈನಿಕ ಸೇವೆ ಬಂದದ್ದು 1935ರ ಮಾರ್ಚ್‌ನಲ್ಲಿ. ರೈನ್‌ಲ್ಯಾಂಡ್‌ನಲ್ಲಿ ಫ್ರಾನ್ಸನ್ನು ತಡೆಯಲು ಜರ್ಮನ್ ಸೈನ್ಯವೇ ಇರಲಿಲ್ಲ. ನಾಲ್ಕು ವರ್ಷ ತಯಾರಾದ ಮೇಲೂ, 1938ರಲ್ಲಿ, ಗುಡೇರಿಯನ್ನನ ಟ್ಯಾಂಕ್ ಪಡೆ ದಾರಿಬದಿಯ ಬಂಕ್‌ಗಳಲ್ಲಿ ಇಂಧನ ತುಂಬಿಸಿಕೊಂಡು, ನಕಾಶೆ ಸಾಲದೆ ಪ್ರವಾಸಿಗರ ಕೈಪಿಡಿ ನೋಡಿಕೊಂಡು ವಿಯೆನ್ನಾ ತಲುಪಿತ್ತು. ಎದುರಿಗೆ ಒಂದು ಗುಂಡೂ ಹಾರದಿದ್ದಾಗಿನ ಸ್ಥಿತಿ ಇದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಆ ಜುಲೈನಲ್ಲಿ ಹಿಟ್ಲರ್ ಇನ್ನೂ ಚಾನ್ಸಲರ್ ಮಾತ್ರ. ಅಧ್ಯಕ್ಷ ಹಿಂಡೆನ್‌ಬರ್ಗ್ ತನ್ನ ನೋಯ್‌ಡೆಕ್ ಎಸ್ಟೇಟಿನಲ್ಲಿ ಸಾವಿನ ಹಾಸಿಗೆಯಲ್ಲಿದ್ದರೂ, ಸಂವಿಧಾನದ ಪ್ರಕಾರ ಸೇನೆಯ ಮಹಾದಂಡನಾಯಕ ಅವನೇ. ಅವನು ಸತ್ತದ್ದು ಆಗಸ್ಟ್ 2ರಂದು. ಸೈನಿಕರು ಹಿಟ್ಲರನ ಹೆಸರು ಹಿಡಿದು ಅವನಿಗೇ ನಿಷ್ಠರಾಗಿರುವುದಾಗಿ ಪ್ರಮಾಣ ಮಾಡಿದ್ದು ಅದೇ ದಿನ. ಜುಲೈ 25ಕ್ಕೂ ಆಗಸ್ಟ್ 2ಕ್ಕೂ ನಡುವೆ ಎಂಟು ದಿನ! ಜೂನ್ 30ರಂದು ಹಿಟ್ಲರ್ ನಡೆಸಿದ ಹತ್ಯಾಕಾಂಡದಲ್ಲಿ ಮಾಜಿ ಚಾನ್ಸಲರ್ ಜನರಲ್ ಶ್ಲೈಖರ್ ಮತ್ತು ಅವನ ಹೆಂಡತಿ ಕೊಲೆಯಾಗಿ ತಿಂಗಳೂ ತುಂಬಿರಲಿಲ್ಲ. ಇನ್‌ಸ್‌ಬ್ರುಕ್ ಕಡೆಗೆ ಇಟಲಿಯ ಸೈನ್ಯ ಇಳಿದು ಬರುತ್ತಿದ್ದರೆ, ಗೆಲ್ಲಲಾಗದ ಯುದ್ಧಕ್ಕೆ ತಮ್ಮ ಪುಟ್ಟ ಸೇನೆಯನ್ನು ಒಡ್ಡಲು ಜರ್ಮನ್ ಜನರಲ್‌ಗಳು ಒಪ್ಪುತ್ತಿರಲಿಲ್ಲ ಎಂದೇ ನಾನು ನಂಬುತ್ತೇನೆ. ಅವರ ಬಾಯಿ ಕಟ್ಟುವ ಪ್ರಮಾಣವಚನ ಇನ್ನೂ ಬಂದಿರಲಿಲ್ಲ.

ಇದರರ್ಥ ಎಲ್ಲವೂ ಸುಸೂತ್ರವಾಗುತ್ತಿತ್ತು ಎಂದಲ್ಲ. ಆಸ್ಟ್ರಿಯಾದೊಳಗೆ ಇಟಲಿಯ ಸೈನಿಕರು ಕಾಲಿಡುವುದು ಯುಗೊಸ್ಲಾವಿಯಾಕ್ಕೆ ಸುತರಾಂ ಬೇಕಿರಲಿಲ್ಲ. ಓಡಿಹೋದ ನಾಜಿ ದಂಗೆಕೋರರಿಗೆ ಆಶ್ರಯ ಕೊಟ್ಟದ್ದೂ ಅದೇ ದೇಶ. ಇಟಲಿ, ಯುಗೊಸ್ಲಾವಿಯಾ ಎರಡನ್ನೂ ಜೊತೆಗಿಟ್ಟುಕೊಳ್ಳಲು ಫ್ರಾನ್ಸಿನ ವಿದೇಶಾಂಗ ಸಚಿವ ಲೂಯಿ ಬಾರ್ತು ಒದ್ದಾಡಬೇಕಾಗುತ್ತಿತ್ತು. ಆದರೂ ಆ ಹೊತ್ತಿಗೆ ಪ್ಯಾರಿಸ್‌ನಲ್ಲಿ ಅಂಥ ಮನುಷ್ಯನೊಬ್ಬ ಇದ್ದ. ಅಕ್ಟೋಬರ್ 9ಕ್ಕೆ ಮಾರ್ಸೇಲ್‌ನಲ್ಲಿ, ಯುಗೊಸ್ಲಾವಿಯಾದ ದೊರೆ ಅಲೆಕ್ಸಾಂಡರ್ ಹತ್ಯೆಯಾದ ದಾಳಿಯಲ್ಲೇ ಅವನೂ ಸತ್ತ.

ಕೈಗೆ ಸಿಕ್ಕ ನಾಲ್ಕು ವರ್ಷಗಳನ್ನು ಯುರೋಪು ಏನು ಮಾಡಿತು ಎಂದು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. 1935ರ ಏಪ್ರಿಲ್‌ನಲ್ಲಿ ಸ್ಟ್ರೇಸಾದಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿ ಒಂದಾದವು. ಎರಡೇ ತಿಂಗಳಲ್ಲಿ ಬ್ರಿಟನ್ ತನ್ನ ಪಾಡಿಗೆ ಹಿಟ್ಲರನೊಂದಿಗೆ ನೌಕಾ ಒಪ್ಪಂದ ಮಾಡಿಕೊಂಡಿತು. ಅಕ್ಟೋಬರ್‌ನಲ್ಲಿ ಮುಸೊಲಿನಿ ಅಬಿಸೀನಿಯಾದ ಮೇಲೆ ಬಿದ್ದ. ಆಮೇಲೆ ಅವನಿಗೆ ಬರ್ಲಿನ್ನೇ ಹತ್ತಿರವಾಯಿತು. 1938ರ ಮಾರ್ಚ್ 11ರ ರಾತ್ರಿ, ಮುಸೊಲಿನಿ ಅಡ್ಡ ಬರುವುದಿಲ್ಲ ಎಂಬ ಸಂದೇಶ ರೋಮ್‌ನಿಂದ ಫೋನಿನಲ್ಲಿ ಬಂದಾಗ ಹಿಟ್ಲರನಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಕಾಗಲಿಲ್ಲ.

ಆಸ್ಟ್ರಿಯಾದ ಆಳುವವರೂ ನಿರ್ದೋಷಿಗಳಲ್ಲ. ಸಂಸತ್ತಿಗೆ ಬೀಗ ಹಾಕಿದವನು ಇದೇ ಡಾಲ್‌ಫಸ್. 1934ರ ಫೆಬ್ರುವರಿಯಲ್ಲಿ ಕಾರ್ಮಿಕರು ವಾಸಿಸುತ್ತಿದ್ದ ಕಾರ್ಲ್ ಮಾರ್ಕ್ಸ್ ಹೋಫ್ ವಸತಿ ಸಮುಚ್ಚಯದ ಮೇಲೆ ಫಿರಂಗಿ ಹಾರಿಸಿ, ಸೋಷಿಯಲ್ ಡೆಮಾಕ್ರಟ್ ಪಕ್ಷವನ್ನು ನಿಷೇಧಿಸಿದ. ಅವನ ನಂತರ ಬಂದ ಶುಶ್ನಿಗ್‌ಗೆ ಕಾರ್ಮಿಕರ ನೆನಪಾದದ್ದು 1938ರ ಮಾರ್ಚ್‌ನಲ್ಲಿ, ನೀರು ಮೂಗಿನ ಮಟ್ಟಕ್ಕೆ ಬಂದಾಗ. ನಾಜಿಗಳ ವಿರುದ್ಧ ಬೀದಿಗಿಳಿಯಬಲ್ಲ ಜನರನ್ನು ಸರ್ಕಾರವೇ ಮುರಿದು ಹಾಕಿ ನಾಲ್ಕು ವರ್ಷ ಕಳೆದಿತ್ತು.

1934ರಲ್ಲೇ ಹಿಟ್ಲರ್ ಗೆದ್ದುಬಿಟ್ಟಿದ್ದರೆ ಎಂಬ ಇನ್ನೊಂದು ಮುಖವನ್ನೂ ನಾನು ಮರೆತಿಲ್ಲ. ಯಹೂದಿ ಮೂಲದ ಭೌತವಿಜ್ಞಾನಿ ಲೀಸ ಮೈಟ್ನರ್ ಬರ್ಲಿನ್‌ನಲ್ಲಿ 1938ರವರೆಗೆ ಸಂಶೋಧನೆ ನಡೆಸಲು ಸಾಧ್ಯವಾದದ್ದು ಆಕೆ ಆಸ್ಟ್ರಿಯಾದ ಪ್ರಜೆಯಾಗಿದ್ದರಿಂದ. ಆ ದೇಶ ಇಲ್ಲವಾದ ಕೆಲವೇ ತಿಂಗಳಲ್ಲಿ ಆಕೆ ಗಡಿ ದಾಟಿ ಪಾರಾಗಬೇಕಾಯಿತು. ಹಿಟ್ಲರನಿಂದ ತಪ್ಪಿಸಿಕೊಂಡ ಎಷ್ಟೋ ಜರ್ಮನ್ ಯಹೂದಿ ಕಲಾವಿದರಿಗೆ ಆ ನಾಲ್ಕು ವರ್ಷ ವಿಯೆನ್ನಾ ಆಸರೆಯಾಗಿತ್ತು. ಫ್ರಾಯ್ಡ್ 1938ರ ಜೂನ್‌ನಲ್ಲಿ ಲಂಡನ್ ಸೇರಿದರು. ಅವರ ನಾಲ್ವರು ವೃದ್ಧ ತಂಗಿಯರು ನಾಜಿಗಳ ಕೈಯಲ್ಲಿ ಸತ್ತರು. ಆಸ್ಟ್ರಿಯಾದ ಸುಮಾರು 65,000 ಯಹೂದಿಯರ ಕೊಲೆಯಾಯಿತು. ತಡವಾದದ್ದು ಕೆಲವರ ಜೀವ ಉಳಿಸಿತು. ಆ ಅವಧಿಯನ್ನು ಬಳಸಿಕೊಂಡಿದ್ದರೆ ಇವರೂ ಉಳಿಯಬಹುದಿತ್ತು ಎಂಬುದೇ ನನ್ನ ಸಂಕಟ.

ತರಗತಿಗಳಲ್ಲಿ 1938ರ ಚಿತ್ರ ಮಾತ್ರ ಉಳಿದಿದೆ: ವಿಯೆನ್ನಾದ ಹೆಲ್ಡನ್‌ಪ್ಲಾಟ್ಸ್‌ನಲ್ಲಿ ಜೈಕಾರ ಹಾಕುವ ಜನಸಾಗರ, ಏಪ್ರಿಲ್ 10ರ ಜನಮತಗಣನೆಯ ಶೇ 99.7. ಆ ಮತಪತ್ರದಲ್ಲಿ 'ಹೌದು' ಎಂಬುದಕ್ಕೆ ದೊಡ್ಡ ವೃತ್ತ, 'ಇಲ್ಲ' ಎಂಬುದಕ್ಕೆ ಚಿಕ್ಕ ವೃತ್ತ ಇತ್ತು. ಇಷ್ಟನ್ನೇ ನೋಡಿದ ವಿದ್ಯಾರ್ಥಿ, ಇದು ಆಗಲೇಬೇಕಿತ್ತು ಎಂದುಕೊಳ್ಳುತ್ತಾನೆ. ಇತಿಹಾಸದ ಮೇಷ್ಟರಲ್ಲಿ ನನ್ನ ಕೋರಿಕೆ ಇಷ್ಟೆ. ಈ ಪಾಠಕ್ಕೆ ಬಂದಾಗ ಒಂದು ತರಗತಿಯನ್ನು 1934ರ ಜುಲೈಗೆ ಕೊಡಿ. ಯಾರ ಸೈನ್ಯ ಎಲ್ಲಿತ್ತು, ಯಾರು ಯಾರಿಗೆ ಹೆದರುತ್ತಿದ್ದರು ಎಂದು ನಕಾಶೆಯ ಮೇಲೆ ತೋರಿಸಿ. ಜುಲೈ 26ರ ಬೆಳಿಗ್ಗೆ ಲಂಡನ್, ಪ್ಯಾರಿಸ್ ಏನು ಮಾಡಬಹುದಿತ್ತು ಎಂದು ಮಕ್ಕಳಿಂದಲೇ ಎರಡು ಪುಟ ಬರೆಸಿ.