ಬಿಡುವಿಲ್ಲದವರ ಬಿಡುವು

ಗೃಹಸ್ಥರ ಮನೆಗಳಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಬರುವ ಮಾತೆಂದರೆ “ಬಿಡುವಿಲ್ಲ” ಎಂಬುದು. ಓದೆಂದರೆ ಹುಡುಗರಿಗೆ ಬಿಡುವಿಲ್ಲ. ನೆರೆಮನೆಯ ರೋಗಿಯನ್ನು ವಿಚಾರಿಸಿ ಬನ್ನಿರೆಂದರೆ ಹಿರಿಯರಿಗೆ ಬಿಡುವಿಲ್ಲ. ದೇವರ ಮುಂದೆ ಒಂದು ಗಳಿಗೆ ಕುಳಿತುಕೊಳ್ಳಲು ಯಾರಿಗೂ ಬಿಡುವಿಲ್ಲ. ಈ ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ನಿಜವಾಗಿಯೇ ಬಿಡುವಿಲ್ಲದಿದ್ದ ಕೆಲವು ತರುಣರ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡಲು ಮನಸ್ಸಾಗಿದೆ.

ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದಲ್ಲಿ ಡಲ್ವರ್ಟನ್ ಎಂಬ ಊರಿನ ಸಮೀಪದ ಒಂದು ಒಕ್ಕಲುಮನೆಯಲ್ಲಿ 1821ನೆಯ ಇಸವಿಯಲ್ಲಿ ಜಾರ್ಜ್ ವಿಲಿಯಮ್ಸ್ ಎಂಬಾತನು ಜನಿಸಿದನು. ಹುಡುಗನನ್ನು ಬ್ರಿಜ್‌ವಾಟರ್ ಪಟ್ಟಣದ ಜವಳಿ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಬಿಟ್ಟರು. ಕ್ರಿಸ್ತನಲ್ಲಿ ಆತನಿಗೆ ದೃಢವಾದ ಭಕ್ತಿಯು ಹುಟ್ಟಿದುದು ಅಲ್ಲಿಯೇ. 1841ರಲ್ಲಿ ಲಂಡನ್ನಿಗೆ ಬಂದು, ಸಂತ ಪೌಲನ ಹೆಸರಿನ ಮಹಾದೇವಾಲಯದ ಮಗ್ಗುಲಲ್ಲಿದ್ದ ಹಿಚ್‌ಕಾಕ್ ಮತ್ತು ರಾಜರ್ಸ್ ಎಂಬ ದೊಡ್ಡ ಜವಳಿ ಅಂಗಡಿಯನ್ನು ಸೇರಿದನು.

ಆ ಕಾಲದ ಅಂಗಡಿಯ ಚಾಕರಿಯು ಸಾಮಾನ್ಯವಾದುದಲ್ಲ. ಬೆಳಗ್ಗೆ ಏಳಕ್ಕೆ ಬಾಗಿಲು ತೆರೆದರೆ ರಾತ್ರಿ ಒಂಬತ್ತರವರೆಗೂ, ಎಷ್ಟೋ ಕಡೆ ಅದಕ್ಕೂ ಮೀರಿ, ನಿಂತೇ ಇರಬೇಕು. ಗಿರಾಕಿಗಳು ಹೋದ ಮೇಲೆ ಬಿಚ್ಚಿ ಹರಡಿದ ಥಾನುಗಳನ್ನೆಲ್ಲ ಮಡಿಸಿ ಇಡಬೇಕು. ಅಂಗಡಿಯ ಮೇಲಂತಸ್ತಿನಲ್ಲಿಯೇ ಅವರ ವಸತಿ. ಒಂದೊಂದು ಕೋಣೆಯಲ್ಲಿ ಹಲವರು. ವಾರಕ್ಕೆ ಆರು ದಿನವೂ ಹೀಗೆಯೇ. ಹದಿನೆಂಟು ವರ್ಷದೊಳಗಿನವರನ್ನು ಅಂಗಡಿಗಳಲ್ಲಿ ವಾರಕ್ಕೆ 74 ಗಂಟೆಗಳಿಗಿಂತ ಹೆಚ್ಚಾಗಿ ದುಡಿಸಬಾರದೆಂಬ ಶಾಸನವು ಆ ದೇಶದಲ್ಲಿ ಹುಟ್ಟಿದುದೇ 1886ರಲ್ಲಿ. ಅದಕ್ಕೆ ನಾಲ್ವತ್ತು ವರ್ಷಗಳ ಹಿಂದಿನ ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು. ದಣಿದ ತರುಣರಿಗೆ ಆ ಹೊತ್ತಿನಲ್ಲಿ ಸುಲಭವಾಗಿ ದೊರೆಯುತ್ತಿದ್ದುದು ಹೆಂಡದಂಗಡಿಯ ಸಹವಾಸ.

ವಿಲಿಯಮ್ಸನೂ ಆತನ ಗೆಳೆಯರೂ ಆ ಮೇಲಂತಸ್ತಿನ ಮಲಗುವ ಕೋಣೆಯಲ್ಲಿ ಒಂದುಗೂಡಿ ಪ್ರಾರ್ಥನೆಯನ್ನೂ ಬೈಬಲ್ ಪಠನವನ್ನೂ ಆರಂಭಿಸಿದರು. 1844ನೆಯ ಇಸವಿ ಜೂನ್ 6ರಂದು ಹನ್ನೆರಡು ಮಂದಿ ಅಲ್ಲಿ ಸಭೆ ಸೇರಿ, ತಮ್ಮಂತೆಯೇ ಅಂಗಡಿಗಳಲ್ಲಿ ದುಡಿಯುವ ತರುಣರ ಆತ್ಮೋನ್ನತಿಗಾಗಿ ಸಂಘವೊಂದನ್ನು ಸ್ಥಾಪಿಸಿದರು. ಇಂದು ವೈ. ಎಂ. ಸಿ. ಎ. ಎಂದು ಊರೂರುಗಳಲ್ಲಿ ಪ್ರಸಿದ್ಧವಾದ ಯುವಕರ ಕ್ರೈಸ್ತ ಸಂಘವೇ ಅದು. ಸೇರಿದವರೆಲ್ಲರೂ ಒಂದೇ ಪಂಗಡದವರಾಗಿರಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಅಂಗಡಿಗಳನ್ನು ಬೇಗ ಮುಚ್ಚಿಸಬೇಕೆಂಬ ಚಳವಳಿಯು ಆಗಲೇ ಲಂಡನ್ನಿನಲ್ಲಿ ಹೊರಟಿದ್ದಿತು, ಅದು ನ್ಯಾಯವಾದುದೇ. ಆದರೆ ಈ ತರುಣರು ಅದು ಫಲಿಸುವವರೆಗೆ ಕಾದು ಕುಳಿತುಕೊಳ್ಳಲಿಲ್ಲ. ನೌಕರರು ಪ್ರಾರ್ಥನೆಗೆ ಕುಳಿತರೆ ವ್ಯಾಪಾರ ಕೆಟ್ಟೀತೆಂದು ಹೆದರುವ ಯಜಮಾನರು ಲೋಕದಲ್ಲಿ ಉಂಟು. ಇಲ್ಲಿ ಯಜಮಾನನಾದ ಹಿಚ್‌ಕಾಕನೇ ಸಂಘದ ಮೊದಲ ಕೋಶಾಧಿಕಾರಿಯಾದನು! ಮುಂದೆ ವಿಲಿಯಮ್ಸನು ಆತನ ಮಗಳನ್ನು ವಿವಾಹವಾಗಿ, ಅಂಗಡಿಗೂ ಒಡೆಯನಾಗಿ, 1894ರಲ್ಲಿ ವಿಕ್ಟೋರಿಯಾ ರಾಣಿಯಿಂದ ‘ಸರ್’ ಪದವಿಯನ್ನು ಪಡೆದನು. 1905ರಲ್ಲಿ ತೀರಿಕೊಂಡಾಗ, ಯಾವ ದೇವಾಲಯದ ಮಗ್ಗುಲಲ್ಲಿ ಬಟ್ಟೆ ಅಳೆಯುತ್ತಿದ್ದನೋ ಅದರ ನೆಲಮಾಳಿಗೆಯಲ್ಲಿಯೇ ಆತನಿಗೆ ಸಮಾಧಿಯಾಯಿತು.

ಸಂತ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಕಾಲವನ್ನು ಕೊಂಡುಕೊಳ್ಳುವ ಮಾತು ಬರುತ್ತದೆ. ಮೂಲದ ಗ್ರೀಕ್ ಪದವು ಸಂತೆಯೆಂಬ ಶಬ್ದದಿಂದ ಹುಟ್ಟಿದುದೆಂದು ಬಲ್ಲವರು ಹೇಳುತ್ತಾರೆ. ಅಂಗಡಿಯ ಹುಡುಗರಿಗೆ ಆ ಉಪದೇಶವು ನಾಟಿದುದರಲ್ಲಿ ಆಶ್ಚರ್ಯವೇನು? ಆದರೂ ಕಾಲವನ್ನು ಕಾಸಿನಂತೆ ಎಣಿಸಿ ಎಣಿಸಿ ವೆಚ್ಚಮಾಡುವ ಬಾಳು ನಮಗೆ ಅಷ್ಟಾಗಿ ಹಿಡಿಸದು. ನಮ್ಮ ಅಮರಸಿಂಹನು ‘ಕ್ಷಣ’ ಶಬ್ದಕ್ಕೆ ಕಾಲದ ಒಂದು ಅಳತೆಯೆಂಬ ಅರ್ಥವನ್ನು ಮಾತ್ರ ಹೇಳಿ ಬಿಡಲಿಲ್ಲ. ಕೆಲಸವಿಲ್ಲದ ಬಿಡುವೆಂದೂ ಉತ್ಸವವೆಂದೂ ಇನ್ನೆರಡು ಅರ್ಥಗಳನ್ನು ಕೊಟ್ಟಿರುವನು. ಬಿಡುವು ಉತ್ಸವವೂ ಆಗಬಲ್ಲುದು. ಇದನ್ನು ಆ ಸಂಘದವರೂ ಕ್ರಮೇಣ ಅರಿತಂತೆ ತೋರುತ್ತದೆ. 1891ರ ಡಿಸೆಂಬರಿನಲ್ಲಿ ಅಮೆರಿಕೆಯ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಅವರ ಶಿಕ್ಷಣಶಾಲೆಯಲ್ಲಿ, ಚಳಿಗಾಲದಲ್ಲಿ ಬೇಸತ್ತ ವಿದ್ಯಾರ್ಥಿಗಳಿಗಾಗಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನು ಹಣ್ಣಿನ ಬುಟ್ಟಿಗಳೆರಡನ್ನು ಉಪ್ಪರಿಗೆಯ ಕಟಕಟೆಗೆ ಬಡಿದು, ಹದಿಮೂರು ನಿಯಮಗಳನ್ನು ಬರೆದು ಆಟವಾಡಿಸಿದನು. ನಮ್ಮ ಶಾಲೆಗಳ ಮಕ್ಕಳೂ ಆಡುವ ಬ್ಯಾಸ್ಕೆಟ್‌ಬಾಲ್ ಆಟವು ಹುಟ್ಟಿದ್ದು ಹೀಗೆ. ಹುಡುಗರು ಆಡಿದರೆ ಕಾಲ ಹಾಳೆಂದು ಗದರಿಸುವ ತಂದೆತಾಯಿಗಳು ಇದನ್ನು ಬಲ್ಲರೋ ಇಲ್ಲವೋ!

ಇನ್ನೊಬ್ಬನ ವಿಷಯವನ್ನು ಹೇಳದೆ ಲೇಖನಿಯನ್ನು ಕೆಳಗಿಡಲಾರೆವು. ಸ್ವಿಟ್ಜರ್ಲೆಂಡಿನ ಜಿನೀವಾ ಪಟ್ಟಣದ ಹೆನ್ರಿ ಡ್ಯೂನಾಂಟನು ಬ್ಯಾಂಕಿನ ಕೆಲಸದಲ್ಲಿದ್ದ ತರುಣ. ಬಿಡುವಿನ ಹೊತ್ತಿನಲ್ಲಿ ಬಡವರನ್ನೂ ಸೆರೆಮನೆಯವರನ್ನೂ ಹೋಗಿ ಕಾಣುವುದು ಆತನ ಅಭ್ಯಾಸ. 1852ರಲ್ಲಿ ತನ್ನೂರಿನಲ್ಲಿ ಯುವಕರ ಕ್ರೈಸ್ತ ಸಂಘವನ್ನು ಕಟ್ಟಿದವರಲ್ಲಿ ಆತನು ಮುಖ್ಯನು. ಬೇರೆ ಬೇರೆ ದೇಶಗಳ ಸಂಘಗಳು 1855ರಲ್ಲಿ ಪ್ಯಾರಿಸಿನಲ್ಲಿ ಒಂದುಗೂಡಿದುದಕ್ಕೂ ಆತನ ಶ್ರಮವು ಕಾರಣವಾಯಿತು. ನಾಲ್ಕು ವರ್ಷಗಳ ತರುವಾಯ, ಆಲ್ಜೀರಿಯಾದಲ್ಲಿ ತಾನು ಹೂಡಿದ್ದ ವ್ಯಾಪಾರದ ಸಲುವಾಗಿ ಫ್ರೆಂಚ್ ಚಕ್ರವರ್ತಿಯ ದರ್ಶನವನ್ನು ಅಪೇಕ್ಷಿಸಿ ಆತನು ಉತ್ತರ ಇಟಲಿಗೆ ಹೋದನು. 1859ರ ಜೂನ್ 24ರಂದು ಸಾಲ್ಫರಿನೊ ಎಂಬಲ್ಲಿ ಘೋರ ಯುದ್ಧವು ನಡೆಯಿತು. ಗಾಯಾಳುಗಳು ಸಾವಿರಗಟ್ಟಲೆಯಾಗಿ ಸಮೀಪದ ಕಾಸ್ಟಿಲ್ಯೋನೆ ಊರಿಗೆ ಬಂದು ದೇವಾಲಯದಲ್ಲಿಯೂ ಬೀದಿಗಳಲ್ಲಿಯೂ ಬಿದ್ದರು. ಡ್ಯೂನಾಂಟನು ವೈದ್ಯನಲ್ಲ, ಯೋಧನೂ ಅಲ್ಲ. ಊರಿನ ಹೆಂಗಸರನ್ನು ಕೂಡಿಸಿಕೊಂಡು, ಯಾವ ಪಕ್ಷದವನೆಂದು ಕೇಳದೆ ಎಲ್ಲರಿಗೂ ನೀರು ಕುಡಿಸಿದನು, ಗಾಯಗಳನ್ನು ಕಟ್ಟಿದನು. ತನ್ನ ಸಾರಥಿಯನ್ನು ಬ್ರೆಷಿಯಾ ಪಟ್ಟಣಕ್ಕೆ ಕಳುಹಿಸಿ ನಿಂಬೆಹಣ್ಣು, ಸಕ್ಕರೆ, ಅಂಗಿಗಳು, ಹೊಗೆಸೊಪ್ಪು ಇವುಗಳನ್ನು ತರಿಸಿದನು. ಸಾಯುತ್ತಿದ್ದವರು ಮನೆಗೆ ಹೇಳಿಕಳುಹಿಸಿದ ಮಾತುಗಳನ್ನು ಕೇಳಿಕೊಂಡನು. 1863ರಲ್ಲಿ ರೆಡ್ ಕ್ರಾಸ್ ಸಂಸ್ಥೆಯು ಉದಯಿಸಿದುದು ಆ ದಿನಗಳ ಫಲ. ಆತನು ಅರಸಿಹೋಗಿದ್ದ ವ್ಯಾಪಾರವು ಮಾತ್ರ ಕೈಗೂಡಲಿಲ್ಲ. 1867ರಲ್ಲಿ ದಿವಾಳಿಯಾಗಿ, ಬಹುಕಾಲ ಬಡತನದಲ್ಲಿಯೇ ಕಳೆದನು. ಶಾಂತಿಗೆಂದು ಕೊಡುವ ನೊಬೆಲ್ ಬಹುಮಾನದ ಮೊದಲನೆಯ ವರ್ಷವಾದ 1901ರಲ್ಲಿ ಅದರ ಅರ್ಧಭಾಗವು ಆತನನ್ನು ಹುಡುಕಿಕೊಂಡು ಬಂದಾಗ, ಆತನು ಹೈಡನ್ ಎಂಬ ಹಳ್ಳಿಯ ಆಸ್ಪತ್ರೆಯ ಒಂದು ಕೋಣೆಯಲ್ಲಿ ವಾಸವಾಗಿದ್ದನು.